ಯಾರ ಪ್ರತಿನಿಧಿ? ವಲಸಿಗ ರಾಜಕಾರಣಿಯ ಹೆಸರು, ನಂಬಿಕೆ, ನುಡಿ

2022ರ ಮೇ ತಿಂಗಳಲ್ಲಿ ಕೆನಡಾ ಸಂಸತ್ತಿನ ಕೆಳಮನೆಯಲ್ಲಿ ಚಂದ್ರ ಆರ್ಯ ಅವರು ಕನ್ನಡದಲ್ಲಿ ಮಾತನಾಡಿದ ದೃಶ್ಯವನ್ನು ಈ ಪತ್ರಿಕೆಯ ಓದುಗರಲ್ಲಿ ನೋಡದವರು ಕಡಿಮೆ. ತುಮಕೂರು ಜಿಲ್ಲೆಯ ಸಿರಾ ತಾಲ್ಲೂಕಿನ ಹಳ್ಳಿಯೊಂದರಿಂದ ಬಂದ ಅವರು ಆಗ ಒಟ್ಟಾವಾ ನಗರದ ನೇಪಿಯನ್ ಕ್ಷೇತ್ರದ ಸದಸ್ಯರಾಗಿದ್ದರು. ಸದಸ್ಯರ ಹೇಳಿಕೆಗಳಿಗೆಂದು ಮೀಸಲಾದ ಸಮಯದಲ್ಲಿ ಒಬ್ಬೊಬ್ಬರಿಗೆ ದೊರೆಯುವುದು ಒಂದೇ ನಿಮಿಷ. ಆ ನಿಮಿಷವನ್ನು ಅವರು ಕನ್ನಡಕ್ಕೆ ಕೊಟ್ಟರು. ಕುವೆಂಪು ಅವರ ಸಾಲುಗಳನ್ನು ನೆನೆದು ಮಾತು ಮುಗಿಸಿದರು. ನಾನು ಅದನ್ನು ಮೂರು ಬಾರಿ ನೋಡಿ, ಬಂಧುಗಳಿಗೂ ಗೆಳೆಯರಿಗೂ ಕಳುಹಿಸಿ, ರಾತ್ರಿ ಊಟದ ಹೊತ್ತಿಗೆ ಮಗಳಿಗೂ ತೋರಿಸಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: “ಅವರಿಗೆ ವೋಟ್ ಹಾಕಿದವರಿಗೆ ಕನ್ನಡ ಬರುತ್ತಾ ಅಪ್ಪಾ?”

ಬರುವುದಿಲ್ಲ. ಎಲ್ಲೋ ಕೆಲವು ಮನೆಗಳನ್ನು ಬಿಟ್ಟರೆ ನೇಪಿಯನ್ನಿನ ಮತದಾರರಿಗೆ ಕನ್ನಡವೆಂಬ ಭಾಷೆಯಿದೆ ಎಂಬುದೇ ಅಂದಿನವರೆಗೆ ತಿಳಿದಿರಲಿಕ್ಕಿಲ್ಲ. ಹಾಗಾದರೆ ಅಂದು ಅವರು ಮಾತನಾಡಿದ್ದು ಯಾರ ಪ್ರತಿನಿಧಿಯಾಗಿ? ಮಗಳು ಮುಗ್ಧವಾಗಿ ಎತ್ತಿದ ಈ ಪ್ರಶ್ನೆಯೇ ವಲಸೆಯ ಹಿನ್ನೆಲೆಯ ಪ್ರತಿಯೊಬ್ಬ ರಾಜಕಾರಣಿಯ ವೃತ್ತಿಜೀವನದ ಕೇಂದ್ರ ಪ್ರಶ್ನೆ ಎಂದು ನನಗೆ ಅನ್ನಿಸತೊಡಗಿದ್ದು ಆಮೇಲೆ.

ಕನ್ನಡದಲ್ಲಿ ಈ ವಿಷಯವನ್ನು ಚರ್ಚಿಸುವವರಿಗೆ ಒಂದು ಅನುಕೂಲವಿದೆ. ನಮ್ಮಲ್ಲಿ ಎರಡು ಮಾತುಗಳಿವೆ: ಅಸ್ಮಿತೆ ಮತ್ತು ಗುರುತು. ಸಂಸ್ಕೃತದ ‘ಅಸ್ಮಿ’, ಅಂದರೆ ‘ಇದ್ದೇನೆ’ ಎಂಬ ಕ್ರಿಯಾಪದದಿಂದ ಬಂದ ಅಸ್ಮಿತೆಯು ಒಬ್ಬನು ತನ್ನನ್ನು ತಾನು ಏನೆಂದು ತಿಳಿದಿದ್ದಾನೆ ಎಂಬುದನ್ನು ಹೇಳುತ್ತದೆ. ಗುರುತು ಎದುರಿನವರು ಹಿಡಿಯುವಂಥದು. ‘ನನ್ನ ಗುರುತು ಸಿಕ್ಕಿತೇ?’ ಎಂದು ನಾವು ಕೇಳುವುದು ಇನ್ನೊಬ್ಬರನ್ನು. ಸಾಮಾನ್ಯ ವಲಸಿಗನು ಇವೆರಡರ ನಡುವಿನ ಅಂತರವನ್ನು ಹೇಗೋ ನಿಭಾಯಿಸಿಕೊಂಡು ಹೋಗುತ್ತಾನೆ. ಕಚೇರಿಯಲ್ಲಿ ಒಂದು, ಮನೆಯಲ್ಲಿ ಒಂದು. ರಾಜಕಾರಣಿಗೆ ಈ ಸೌಕರ್ಯವಿಲ್ಲ. ಅವನ ಗುರುತು ಮತಪತ್ರದ ಮೇಲೆ ಅಚ್ಚಾಗುತ್ತದೆ, ಅದರ ಮೇಲೆ ಮತ ಬೀಳುತ್ತದೆ.

ಲೆಕ್ಕಾಚಾರದಿಂದಲೇ ಆರಂಭಿಸೋಣ. ಅಮೆರಿಕದ ಪ್ರತಿನಿಧಿ ಸಭೆಯ ಒಂದು ಕ್ಷೇತ್ರದಲ್ಲಿ ಇಂದು ಸರಾಸರಿ 7.6 ಲಕ್ಷ ಜನರಿದ್ದಾರೆ. ಭಾರತೀಯ ಮೂಲದವರೇ ಬಹುಸಂಖ್ಯಾತರಾದ ಕ್ಷೇತ್ರ ಒಂದೂ ಇಲ್ಲ. ಇದ್ದವರಲ್ಲಿಯೂ ಕೆಲಸದ ವೀಸಾದವರಿಗೆ, ಹಸಿರು ಕಾರ್ಡಿನವರಿಗೆ ಮತದ ಹಕ್ಕಿಲ್ಲ. ಆದರೆ ಹಸಿರು ಕಾರ್ಡಿನವರು ಚುನಾವಣಾ ದೇಣಿಗೆ ಕೊಡಬಹುದು, ಅದೂ ದೇಶದ ಯಾವ ಮೂಲೆಯ ಅಭ್ಯರ್ಥಿಗಾದರೂ. ಹೀಗಾಗಿ ನಮ್ಮ ಮೂಲದ ಅಭ್ಯರ್ಥಿಗೆ ಹಣ ಬರುವುದು ಒಂದು ಕಡೆಯಿಂದ, ಮತ ಬರುವುದು ಇನ್ನೊಂದು ಕಡೆಯಿಂದ. ದೇಶದುದ್ದಕ್ಕೂ ಚದುರಿರುವ ದೇಣಿಗೆದಾರರು ‘ಇವರು ನಮ್ಮವರೇ?’ ಎಂದು ಕೇಳುತ್ತಾರೆ. ಕ್ಷೇತ್ರದ ಮತದಾರರು ಕೇಳುವುದೂ ಅಕ್ಷರಶಃ ಅದೇ ಪ್ರಶ್ನೆಯನ್ನು. ಎರಡೂ ಕಡೆಗೆ ಹೌದೆನ್ನುವ ಉತ್ತರವೊಂದನ್ನು ಹುಡುಕುವುದೇ ಈ ವೃತ್ತಿಯ ಕಸುಬುಗಾರಿಕೆ.

ಇದು ಇಂದಿನ ಸಮಸ್ಯೆಯೂ ಅಲ್ಲ. 1886ರಲ್ಲಿ ಲಂಡನ್ನಿನ ಹೋಬರ್ನ್ ಕ್ಷೇತ್ರದಲ್ಲಿ ಸೋತ ದಾದಾಭಾಯಿ ನವರೋಜಿಯವರು 1892ರಲ್ಲಿ ಸೆಂಟ್ರಲ್ ಫಿನ್ಸ್‌ಬರಿಯಿಂದ ಲಿಬರಲ್ ಪಕ್ಷದ ಅಭ್ಯರ್ಥಿಯಾಗಿ ಗೆದ್ದರು. ಅಂತರ 5 ಮತಗಳು. ನಡುವೆ, 1888ರಲ್ಲಿ, ಪ್ರಧಾನಿ ಲಾರ್ಡ್ ಸಾಲ್ಸ್‌ಬರಿ ಸಾರ್ವಜನಿಕ ಭಾಷಣವೊಂದರಲ್ಲಿ ನವರೋಜಿಯವರನ್ನು ‘ಕರಿಯ’ ಎಂದು ಕರೆದು, ಅಂಥವರನ್ನು ಬ್ರಿಟಿಷ್ ಕ್ಷೇತ್ರವೊಂದು ಆರಿಸುವ ಕಾಲ ಬಂದಿಲ್ಲವೆಂಬ ಅರ್ಥದ ಮಾತನಾಡಿದ್ದರು. ಅದು ತಿರುಗುಬಾಣವಾಯಿತು. ಅಲ್ಲಿಯವರೆಗೆ ನವರೋಜಿಯ ಹೆಸರನ್ನೇ ಕೇಳದಿದ್ದವರಿಗೂ ಅವರ ಪರಿಚಯವಾಯಿತು. ಪ್ರಧಾನಿಯ ಮಾತು ಅಸಭ್ಯವೆಂದು ಬಹಳ ಮಂದಿ ಇಂಗ್ಲಿಷರೇ ಖಂಡಿಸಿದರು.

ನವರೋಜಿಯವರ ಕ್ರಮ ಗಮನಿಸುವಂಥದು. ಸಂಸತ್ತಿನಲ್ಲಿ ಅವರು ಪ್ರಮಾಣ ಸ್ವೀಕರಿಸಿದ್ದು ತಮ್ಮ ಪಾರ್ಸಿ ಧರ್ಮಗ್ರಂಥವಾದ ಅವೆಸ್ತಾದ ಮೇಲೆ. ಆದರೆ ಕ್ಷೇತ್ರದ ಜನರ ಮುಂದೆ ಅವರು ಐರ್ಲೆಂಡಿನ ಸ್ವಯಮಾಡಳಿತ, ಮಹಿಳೆಯರ ಹಕ್ಕು ಮುಂತಾಗಿ ಅಲ್ಲಿಯ ಲಿಬರಲ್ ಮತದಾರರ ವಿಷಯಗಳನ್ನೇ ಮಾತನಾಡಿದರು. ಭಾರತದ ಸಂಪತ್ತು ಹೇಗೆ ಸೋರಿಹೋಗುತ್ತಿದೆ ಎಂಬ ತಮ್ಮ ಜೀವಮಾನದ ವಾದವನ್ನು ಅವರೆಂದೂ ಮರೆಮಾಚಲಿಲ್ಲ. ಬ್ರಿಟಿಷ್ ನ್ಯಾಯಪ್ರಜ್ಞೆಗೆ ಸಲ್ಲಿಸಿದ ಅಹವಾಲಿನ ರೂಪ ಕೊಟ್ಟರು ಅಷ್ಟೆ. ಭಾರತೀಯ ಸಿವಿಲ್ ಸೇವೆಯ ಪರೀಕ್ಷೆಯನ್ನು ಲಂಡನ್ನಿನಲ್ಲಿಯೂ ಭಾರತದಲ್ಲಿಯೂ ಏಕಕಾಲಕ್ಕೆ ನಡೆಸಬೇಕೆಂಬ ನಿರ್ಣಯವು 1893ರಲ್ಲಿ ಕೆಳಮನೆಯಲ್ಲಿ ಅಂಗೀಕಾರವಾಯಿತು. ಸರ್ಕಾರ ಅದನ್ನು ಜಾರಿಗೆ ತರಲಿಲ್ಲ. 1895ರಲ್ಲಿ ಅವರು ಸೋತರು.

ಅದೇ 1895ರಲ್ಲಿ ಇನ್ನೊಬ್ಬ ಪಾರ್ಸಿ ಗೆದ್ದರು: ಮಂಚೇರ್ಜಿ ಭಾವನಗರಿ, ಈಶಾನ್ಯ ಬೆತ್ನಲ್ ಗ್ರೀನ್‌ನಿಂದ, ಕನ್ಸರ್ವೇಟಿವ್ ಪಕ್ಷದಿಂದ. ಅವರು ಬ್ರಿಟಿಷ್ ಆಳ್ವಿಕೆಯ ಸಮರ್ಥಕರು. ಭಾರತದ ರಾಷ್ಟ್ರೀಯವಾದಿಗಳು ಅವರ ಹೆಸರನ್ನೇ ತಿರುಚಿ ‘ಬೋ ಅಂಡ್ ಅಗ್ರೀ’, ಅಂದರೆ ‘ಬಗ್ಗು, ಒಪ್ಪು’ ಎಂದು ಗೇಲಿ ಮಾಡಿದರು. ‘ನಮ್ಮವನಲ್ಲ’ ಎಂಬ ತೀರ್ಪು ಅಂದೇ ಬಂದಿತ್ತು. ಆದರೆ ದಕ್ಷಿಣ ಆಫ್ರಿಕಾದ ಭಾರತೀಯರ ಮೇಲಿನ ದೌರ್ಜನ್ಯವನ್ನು ಲಂಡನ್ನಿನಲ್ಲಿ ಪಟ್ಟುಹಿಡಿದು ಪ್ರಶ್ನಿಸಿದವರಲ್ಲಿ ಈ ಭಾವನಗರಿಯವರೂ ಒಬ್ಬರು. ಆ ವಿಷಯದಲ್ಲಿ ಗಾಂಧಿಯವರೊಂದಿಗೆ ಅವರ ಪತ್ರವ್ಯವಹಾರವಿತ್ತು. ಆಳುವ ಪಕ್ಷದ ಒಳಗಿದ್ದುದರಿಂದ ಅವರ ಮಾತನ್ನು ತಳ್ಳಿಹಾಕುವುದು ಮಂತ್ರಿಗಳಿಗೆ ಸುಲಭವಿರಲಿಲ್ಲ. ಸಮುದಾಯ ಕೊಡುವ ಪ್ರಶಸ್ತಿಪತ್ರಕ್ಕೂ ಸಮುದಾಯಕ್ಕೆ ಆಗುವ ಉಪಯೋಗಕ್ಕೂ ನೇರ ಸಂಬಂಧವಿಲ್ಲವೆಂಬುದಕ್ಕೆ ನನಗೆ ಇದಕ್ಕಿಂತ ಹಳೆಯ ಉದಾಹರಣೆ ಸಿಕ್ಕಿಲ್ಲ.

ಅಮೆರಿಕದಲ್ಲಿ ಈ ದಾರಿ ತೆರೆದವರು ದಲೀಪ್ ಸಿಂಗ್ ಸೌಂದ್. ಅವರ ಕಥೆಯನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಮಕ್ಕಳ ಪಠ್ಯಪುಸ್ತಕಗಳಲ್ಲಿ ಅದು ಅಪರೂಪ. ಪಂಜಾಬಿನಲ್ಲಿ 1899ರಲ್ಲಿ ಹುಟ್ಟಿದ ಸೌಂದ್ 1920ರಲ್ಲಿ ಬರ್ಕ್ಲಿಗೆ ಬಂದು ಗಣಿತದಲ್ಲಿ ಡಾಕ್ಟರೇಟ್ ಪಡೆದರು. ಆದರೆ 1923ರಲ್ಲಿ ಭಗತ್ ಸಿಂಗ್ ಥಿಂದ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಭಾರತೀಯರು ಜನಸಾಮಾನ್ಯರ ತಿಳಿವಳಿಕೆಯ ಅರ್ಥದಲ್ಲಿ ‘ಬಿಳಿಯರು’ ಅಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು ತೀರ್ಪಿತ್ತಿತು. ಪೌರತ್ವಕ್ಕೆ ಅನರ್ಹರಾದವರು ಕ್ಯಾಲಿಫೋರ್ನಿಯಾದಲ್ಲಿ ಭೂಮಿ ಹೊಂದುವಂತೆಯೂ ಇರಲಿಲ್ಲ. ಗಣಿತದ ಡಾಕ್ಟರ್ ಇಂಪೀರಿಯಲ್ ಕಣಿವೆಯ ಬಿಸಿಲಿನಲ್ಲಿ ಬೇಸಾಯಕ್ಕಿಳಿದರು. ಭಾರತೀಯರಿಗೆ ಪೌರತ್ವ ದೊರಕಿಸಲು ವರ್ಷಗಟ್ಟಲೆ ದುಡಿದರು. 1946ರಲ್ಲಿ ಲೂಸ್-ಸೆಲ್ಲರ್ ಕಾಯ್ದೆ ಬಂತು. ವರ್ಷಕ್ಕೆ 100 ಭಾರತೀಯರಿಗೆ ಪ್ರವೇಶ, ಇಲ್ಲಿ ಇದ್ದವರಿಗೆ ಪೌರತ್ವದ ಅವಕಾಶ. 1949ರಲ್ಲಿ, ಬಂದ ಇಪ್ಪತ್ತೊಂಬತ್ತು ವರ್ಷಗಳ ಮೇಲೆ, ಸೌಂದ್ ಅಮೆರಿಕದ ಪ್ರಜೆಯಾದರು.

ಮರುವರ್ಷವೇ ವೆಸ್ಟ್‌ಮೊರ್ಲೆಂಡ್ ಎಂಬ ಸಣ್ಣ ಊರಿನ ನ್ಯಾಯಾಧೀಶ ಹುದ್ದೆಗೆ ನಿಂತು ಗೆದ್ದರು. ಚುನಾವಣೆಯ ಹೊತ್ತಿಗೆ ಪ್ರಜೆಯಾಗಿ ಒಂದು ವರ್ಷ ತುಂಬಿರಲಿಲ್ಲವೆಂದು ಗೆಲುವು ಅಸಿಂಧುವಾಯಿತು. 1952ರಲ್ಲಿ ಮತ್ತೆ ನಿಂತರು, ಮತ್ತೆ ಗೆದ್ದರು. ನ್ಯಾಯಾಲಯಕ್ಕೆ ಬರುವವರೆಲ್ಲ ಪೇಟ ಸುತ್ತಿಕೊಂಡು ಬರಬೇಕೇ, ಪೇಟವನ್ನು ನೀವೇ ಕೊಡುತ್ತೀರೋ ಎಂದು ಯಾರೋ ಕುಟುಕಿದಾಗ, ತಲೆಯ ಮೇಲೆ ಏನಿದೆ ಎನ್ನುವುದಕ್ಕಿಂತ ತಲೆಯೊಳಗೆ ಏನಿದೆ ಎನ್ನುವುದರಲ್ಲಿ ತಮಗೆ ಆಸಕ್ತಿ ಎಂಬರ್ಥದ ಉತ್ತರ ಕೊಟ್ಟರಂತೆ. ಕಾಂಗ್ರೆಸ್ ಸದಸ್ಯರಾಗಿದ್ದ ಕಾಲದ ಅವರ ಚಿತ್ರಗಳಲ್ಲಿ ಪೇಟವೂ ಇಲ್ಲ, ಗಡ್ಡವೂ ಇಲ್ಲ ಎಂಬುದನ್ನೂ ಹೇಳಬೇಕು.

1956ರಲ್ಲಿ ಅವರು ಕಾಂಗ್ರೆಸ್ಸಿಗೆ ನಿಂತಾಗ, ಸಂವಿಧಾನ ಕೇಳುವ ಏಳು ವರ್ಷಗಳ ಪೌರತ್ವ ಅವರಿಗಿಲ್ಲವೆಂದು ಎದುರಾಳಿ ನ್ಯಾಯಾಲಯಕ್ಕೆ ಹೋದರು. ಲೆಕ್ಕ ಹಾಕಿದರೆ ಸದಸ್ಯತ್ವ ಆರಂಭವಾಗುವ ದಿನಕ್ಕೆ ಏಳು ವರ್ಷ ದಾಟಿ ಕೆಲವೇ ವಾರಗಳು. ಅರ್ಜಿ ಬಿದ್ದುಹೋಯಿತು. ಅಂತಿಮ ಸ್ಪರ್ಧೆಯಲ್ಲಿ ಅವರ ಎದುರು ನಿಂತವರು ಶಬ್ದವೇಗವನ್ನು ಮೀರಿ ಹಾರಿದ ಮೊದಲ ಮಹಿಳೆಯೆಂದು ಜಗತ್ಪ್ರಸಿದ್ಧರಾಗಿದ್ದ ಜಾಕ್ವೆಲಿನ್ ಕಾಕ್ರನ್. ಗೆದ್ದವರು ಸೌಂದ್. ಆ ಕ್ಷೇತ್ರದಲ್ಲಿ ಭಾರತೀಯರು ಬೆರಳೆಣಿಕೆಯಷ್ಟು. ರೈತರಿಗೆ ಅವರು ತಮ್ಮಂತೆಯೇ ನೀರು, ಬೆಲೆ, ಸಾಲವೆಂದು ಪರದಾಡಿದ ಇನ್ನೊಬ್ಬ ರೈತ. ಊರವರಿಗೆ ಅವರು ಪರಿಚಿತ ನ್ಯಾಯಾಧೀಶ. ಇಷ್ಟಾಗಿ ಗೆದ್ದ ಬಳಿಕ ಅವರ ಮೂಲವೇ ಅಮೆರಿಕಕ್ಕೆ ಬೇಕಾಯಿತು: 1957ರಲ್ಲಿ ಅವರು ಏಷ್ಯಾ ಪ್ರವಾಸ ಕೈಗೊಂಡು, ಶೀತಲ ಸಮರದ ಆ ದಿನಗಳಲ್ಲಿ, ಅಮೆರಿಕದ ಪ್ರಜಾಪ್ರಭುತ್ವಕ್ಕೆ ಜೀವಂತ ಸಾಕ್ಷಿಯಾಗಿ ಭಾರತದಲ್ಲಿ ಕಾಣಿಸಿಕೊಂಡರು. ಕ್ಷೇತ್ರದಲ್ಲಿ ಬದಿಗಿಟ್ಟ ಗುರುತನ್ನು ವಿದೇಶಾಂಗ ನೀತಿ ಮುನ್ನೆಲೆಗೆ ತಂದಿತು.

ಸೌಂದ್ ಅವರ ನಂತರ ಈ ಸಭೆಗೆ ಭಾರತೀಯ ಮೂಲದ ಇನ್ನೊಬ್ಬರು ಬರಲು 2005ರವರೆಗೆ ಕಾಯಬೇಕಾಯಿತು. ಬಂದವರು ಬಾಬಿ ಜಿಂದಾಲ್. ಇಲ್ಲಿಂದ ಹೆಸರಿನ ಪ್ರಶ್ನೆ ಶುರುವಾಗುತ್ತದೆ.

ಲೂಸಿಯಾನಾದ ಬ್ಯಾಟನ್ ರೂಜ್‌ನಲ್ಲಿ ಹುಟ್ಟಿದ ಪೀಯೂಷ್ ನಾಲ್ಕರ ವಯಸ್ಸಿನಲ್ಲಿಯೇ ದೂರದರ್ಶನ ಧಾರಾವಾಹಿಯೊಂದರ ಹುಡುಗನ ಹೆಸರನ್ನು ಮೆಚ್ಚಿ ತಾನೂ ಬಾಬಿ ಎಂದ. ಹದಿಹರೆಯದಲ್ಲಿ ಕ್ಯಾಥೊಲಿಕ್ ಪಂಥ ಸೇರಿದ. 2003ರಲ್ಲಿ ರಾಜ್ಯಪಾಲರ ಚುನಾವಣೆಯಲ್ಲಿ ಸೋತು, 2007ರಲ್ಲಿ ಗೆದ್ದು, ಭಾರತೀಯ ಮೂಲದ ಮೊದಲ ರಾಜ್ಯಪಾಲನೆನಿಸಿದ. (ನಮ್ಮಲ್ಲಿ ರಾಜ್ಯಪಾಲರು ನೇಮಕವಾಗುವವರು, ಇಲ್ಲಿ ಅವರು ಚುನಾಯಿತರು, ನಮ್ಮ ಮುಖ್ಯಮಂತ್ರಿಗೆ ಸಮಾನ.) ಮುಂದೆ ತಮ್ಮನ್ನು ಇಂಡಿಯನ್-ಅಮೆರಿಕನ್ ಎಂಬ ಕೂಡುಪದದಿಂದ ಕರೆಯುವುದನ್ನೇ ಜಿಂದಾಲ್ ನಿರಾಕರಿಸಿದರು, ತಂದೆತಾಯಿ ಬಂದದ್ದು ಅಮೆರಿಕನ್ನರಾಗಲು ಎಂಬುದು ಅವರ ವಾದ. 2015ರಲ್ಲಿ ಅಧ್ಯಕ್ಷ ಸ್ಥಾನದ ಸ್ಪರ್ಧೆಗಿಳಿದಾಗ ಭಾರತೀಯರೇ ಜಾಲತಾಣಗಳಲ್ಲಿ ಅವರನ್ನು ಮನಸಾರೆ ಹಾಸ್ಯ ಮಾಡಿದರು. ನಾನೂ ನಕ್ಕವನೇ.

ನಿಕ್ಕಿ ಹೇಲಿಯವರ ಪ್ರಕರಣದಲ್ಲಿ ನಗು ಅಷ್ಟು ಸುಲಭವಲ್ಲ. ಅವರ ಪೂರ್ಣ ಹೆಸರು ನಿಮ್ರತಾ ನಿಕ್ಕಿ ರಂಧಾವಾ. ನಿಕ್ಕಿ ಎಂಬುದು ಹುಟ್ಟಿನಿಂದ ಬಂದ ಪಂಜಾಬಿ ಹೆಸರೇ, ಪುಟ್ಟಿ ಎಂದರ್ಥ. ಅದು ಅಮೆರಿಕದ ಕಿವಿಗೂ ಒಗ್ಗಿದ್ದು ಯೋಗಾಯೋಗ. ದಕ್ಷಿಣ ಕೆರೊಲೈನಾದ ಬ್ಯಾಂಬರ್ಗ್ ಎಂಬ ಪುಟ್ಟ ಪಟ್ಟಣದಲ್ಲಿ ಬೆಳೆಯುವಾಗ, ಮಕ್ಕಳ ಸೌಂದರ್ಯ ಸ್ಪರ್ಧೆಯಲ್ಲಿ ಬಿಳಿಯರಿಗೊಂದು, ಕಪ್ಪು ಜನರಿಗೊಂದು ಕಿರೀಟವಿತ್ತು. ಯಾವ ಸಾಲಿಗೂ ಸೇರದ ಅಕ್ಕತಂಗಿಯರನ್ನು ಸ್ಪರ್ಧೆಯಿಂದ ಕೈಬಿಟ್ಟರು. 2010ರಲ್ಲಿ ಅವರು ರಾಜ್ಯಪಾಲ ಸ್ಥಾನಕ್ಕೆ ನಿಂತಾಗ ಸ್ವಪಕ್ಷದ ಶಾಸಕರೊಬ್ಬರೇ ಪೇಟವನ್ನು ಹೀಗಳೆಯುವ ಮಾತು ಬಳಸಿದರು. 2001ರ ಮತದಾರ ನೋಂದಣಿಯಲ್ಲಿ ಹೇಲಿ ತಮ್ಮ ಜನಾಂಗವನ್ನು ‘ಬಿಳಿ’ ಎಂದು ಬರೆದಿದ್ದರೆಂಬುದು 2011ರಲ್ಲಿ ಸುದ್ದಿಯಾಯಿತು. 2024ರಲ್ಲಿ ಡೊನಾಲ್ಡ್ ಟ್ರಂಪ್ ಅವರು ಅವರ ಮೊದಲ ಹೆಸರನ್ನು, ಬೇಕೆಂದೇ ತಪ್ಪಾಗಿ, ಪ್ರಚಾರದಲ್ಲಿ ಬಳಸಿದರು. ಬದಲಾಯಿಸದ ಹೆಸರೂ ಆಯುಧವಾಗಬಹುದು. ಅದಕ್ಕೆ ಎದುರಾಳಿಯ ಇಚ್ಛೆ ಸಾಕು.

ಆ ‘ಬಿಳಿ’ ಎಂಬ ಗುರುತಿನ ಬಗ್ಗೆ ಒಂದು ಮಾತು. 1923ರಲ್ಲಿ ನ್ಯಾಯಾಲಯ ನಮ್ಮನ್ನು ಬಿಳಿಯರಲ್ಲ ಎಂದಿತ್ತು. 1970ರ ಜನಗಣತಿಯಲ್ಲಿ ಭಾರತೀಯರನ್ನು ಬಿಳಿಯರ ಜೊತೆಗೇ ಎಣಿಸಿದರು. ವಲಸಿಗ ಸಂಘಟನೆಗಳು ಪ್ರತ್ಯೇಕ ಎಣಿಕೆಗೆ ಒತ್ತಾಯಿಸಿ 1980ರಿಂದ ‘ಏಷ್ಯನ್ ಇಂಡಿಯನ್’ ಎಂಬ ಮನೆಯನ್ನು ಪಡೆದವು. ಅಂದರೆ ನಮ್ಮ ಜನಾಂಗವನ್ನು ಒಂದೇ ದೇಶ ಅರುವತ್ತು ವರ್ಷಗಳೊಳಗೆ ಮೂರು ಬಗೆಯಾಗಿ ಬರೆದುಕೊಂಡಿದೆ. ಇಂಥ ನಮೂನೆಯ ಮುಂದೆ ಕುಳಿತವರು ಒಬ್ಬೊಬ್ಬರು ಒಂದೊಂದು ಚೌಕಕ್ಕೆ ಗುರುತು ಹಾಕಿದರೆ ಅದರಲ್ಲಿ ಬರೀ ಕುಟಿಲತೆಯನ್ನೇ ಹುಡುಕಬೇಕಿಲ್ಲ. ಉಗಾಂಡಾದಲ್ಲಿ ಭಾರತೀಯ ಮೂಲದವರ ಮಗನಾಗಿ ಹುಟ್ಟಿದ ಜೊಹ್ರಾನ್ ಮಮ್ದಾನಿಯವರು 2009ರ ಕಾಲೇಜು ಅರ್ಜಿಯಲ್ಲಿ ‘ಏಷ್ಯನ್’ ಮತ್ತು ‘ಕಪ್ಪು ಅಥವಾ ಆಫ್ರಿಕನ್ ಅಮೆರಿಕನ್’ ಎಂಬ ಎರಡಕ್ಕೂ ಗುರುತು ಹಾಕಿದ್ದು 2025ರ ನ್ಯೂಯಾರ್ಕ್ ಮೇಯರ್ ಚುನಾವಣೆಯಲ್ಲಿ ವಿವಾದವಾಯಿತು. ಹೇಲಿ ಮತ್ತು ಮಮ್ದಾನಿ ರಾಜಕೀಯವಾಗಿ ಉತ್ತರ ದಕ್ಷಿಣ. ಸಿಕ್ಕಿಬಿದ್ದದ್ದು ಮಾತ್ರ ಒಂದೇ ಬಗೆಯ ಚೌಕದಲ್ಲಿ. ಕನ್ನಡಿಗರಾದ ನಮಗೆ ಈ ಪೇಚು ಹೊಸದೇನಲ್ಲ. ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್ಲುಗಳಾಗಿದ್ದ ನಾವು ಪಾಸ್‌ಪೋರ್ಟಿನಲ್ಲಿ ಕುಲನಾಮದ ಜಾಗ ತುಂಬಲು ತಾತನ ಊರನ್ನೋ ಅಪ್ಪನನ್ನೋ ಎಳೆದು ತಂದವರೇ. ನನ್ನ ಸಹೋದ್ಯೋಗಿಗಳು ಹದಿನೈದು ವರ್ಷಗಳಿಂದ ನನ್ನನ್ನು ನನ್ನ ತಂದೆಯ ಹೆಸರಿನಿಂದ ಕರೆಯುತ್ತಿದ್ದಾರೆ.

ಮಮ್ದಾನಿಯವರು ಹಿಡಿದ ದಾರಿ ಜಿಂದಾಲರದಕ್ಕೆ ತದ್ವಿರುದ್ಧ. ಹಿಂದಿ ಚಿತ್ರಗಳ ತುಣುಕುಗಳನ್ನು ಪೋಣಿಸಿದ ಪ್ರಚಾರ ಚಿತ್ರ, ಹಲವು ಭಾಷೆಗಳಲ್ಲಿ ಮಾತು, ಚರ್ಚೆಯ ವೇದಿಕೆಯಲ್ಲಿ ಎದುರಾಳಿ ಹೆಸರನ್ನು ತಪ್ಪಾಗಿ ಉಚ್ಚರಿಸಿದಾಗ ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳಿಕೊಟ್ಟದ್ದು. ಇದನ್ನು ಧೈರ್ಯವೆಂದು ಹೊಗಳುವವರು ಒಂದು ವ್ಯತ್ಯಾಸವನ್ನು ಮರೆಯುತ್ತಾರೆ. ನ್ಯೂಯಾರ್ಕಿನಲ್ಲಿ ವಲಸಿಗನಾಗಿರುವುದು ಊರಿಗೆ ಸೇರಿದವನಾಗಿರುವುದರ ಒಂದು ಬಗೆ. ಲೂಸಿಯಾನಾದಲ್ಲಿ 2003ರಲ್ಲಿ ಹಾಗಿರಲಿಲ್ಲ.

ನಂಬಿಕೆಯ ವಿಷಯವೂ ಬಹುಮಟ್ಟಿಗೆ ಹೀಗೆಯೇ. ಜಿಂದಾಲ್ ಮತ್ತು ಹೇಲಿ ಕ್ರೈಸ್ತರಾದರು. ಅದರ ಪ್ರಾಮಾಣಿಕತೆಯನ್ನು ಅಳೆಯುವ ಅಧಿಕಾರ ನಮಗಿಲ್ಲ. 2024ರ ಅಧ್ಯಕ್ಷ ಸ್ಥಾನದ ಸ್ಪರ್ಧೆಯ ಹೊತ್ತಿಗೆ ವಿವೇಕ್ ರಾಮಸ್ವಾಮಿಯವರು ಅದೇ ಪಕ್ಷದಲ್ಲಿ, ಅದೇ ಬಗೆಯ ಶ್ರದ್ಧಾವಂತ ಕ್ರೈಸ್ತ ಮತದಾರರ ಮುಂದೆ, ತಾವು ಹಿಂದೂ ಎಂದು ಹೇಳಿಕೊಂಡೇ ಮತ ಕೇಳಿದರು. ಸೋತರು, ಆದರೆ ಮುಚ್ಚಿಡುವ ಅಗತ್ಯ ಕಾಣಲಿಲ್ಲ. ಇನ್ನು ಭಗವದ್ಗೀತೆಯ ಮೇಲೆ ಪ್ರಮಾಣ ಸ್ವೀಕರಿಸುವ ಚಿತ್ರಗಳು ನಮ್ಮ ವಲಯದಲ್ಲಿ ಬಹಳ ಓಡಾಡುತ್ತವೆ. ಅಮೆರಿಕದ ಪ್ರತಿನಿಧಿ ಸಭೆಯಲ್ಲಿ ಎಲ್ಲ ಸದಸ್ಯರೂ ಒಟ್ಟಿಗೆ ನಿಂತು ಬಲಗೈ ಎತ್ತಿ ಪ್ರಮಾಣ ಮಾಡುತ್ತಾರೆ. ಅಲ್ಲಿ ಗ್ರಂಥದ ಅಗತ್ಯವೇ ಇಲ್ಲ. ಗ್ರಂಥವಿರುವ ಚಿತ್ರವನ್ನು ಬಳಿಕ, ಛಾಯಾಗ್ರಾಹಕರಿಗಾಗಿ, ತೆಗೆಯುತ್ತಾರೆ. ಆ ಚಿತ್ರ ಕ್ಷೇತ್ರಕ್ಕೆ ಮಾತ್ರವಲ್ಲ, ನಮಗೂ ಬರೆದ ಪತ್ರ. ಬ್ರಿಟನ್ನಿನಲ್ಲಿ ಒಬ್ಬೊಬ್ಬರೇ ಬಂದು ತಮ್ಮ ಗ್ರಂಥ ಹಿಡಿದು ಪ್ರಮಾಣ ಮಾಡುವುದು ನಿಜವಾದ ವಿಧಿಯೇ. ನವರೋಜಿಯ ಅವೆಸ್ತಾ, ರಿಷಿ ಸುನಕರ ಗೀತೆ ಎರಡೂ ಆ ಸಾಲಿನವು.

ಸುನಕ್ 2022ರ ಅಕ್ಟೋಬರಿನಲ್ಲಿ ಪ್ರಧಾನಿಯಾದಾಗ ಕನ್ನಡ ಪತ್ರಿಕೆಗಳು ‘ಕರ್ನಾಟಕದ ಅಳಿಯ’ ಎಂದು ಸಂಭ್ರಮಿಸಿದವು. ಅವರು ಹುಟ್ಟಿದ್ದು ಸೌತಾಂಪ್ಟನ್ನಿನಲ್ಲಿ. ಪೂರ್ವಿಕರು ಪಂಜಾಬಿನಿಂದ ಪೂರ್ವ ಆಫ್ರಿಕಾಕ್ಕೆ, ಅಲ್ಲಿಂದ ಬ್ರಿಟನ್ನಿಗೆ ಹೋದವರು. 2015ರಿಂದ ಪ್ರತಿನಿಧಿಸಿದ್ದು ಯಾರ್ಕ್‌ಶೈರಿನ, ಬಹುತೇಕ ಬಿಳಿಯರೇ ಇರುವ ಗ್ರಾಮೀಣ ಕ್ಷೇತ್ರವನ್ನು. ದೀಪಾವಳಿಗೆ ಡೌನಿಂಗ್ ಬೀದಿಯ ಹೊಸ್ತಿಲಲ್ಲಿ ಹಣತೆ ಹಚ್ಚಿದ್ದರಿಂದ ಅವರಿಗೆ ಯಾವ ತೊಂದರೆಯೂ ಆಗಲಿಲ್ಲ. ತೊಂದರೆಯಾದದ್ದು 2022ರ ಏಪ್ರಿಲ್‌ನಲ್ಲಿ, ಪತ್ನಿ ಅಕ್ಷತಾ ಮೂರ್ತಿಯವರು ವಿದೇಶೀ ಆದಾಯಕ್ಕೆ ಅಲ್ಲಿ ತೆರಿಗೆ ಕಟ್ಟಬೇಕಿಲ್ಲದ ಕಾನೂನುಬದ್ಧ ಸ್ಥಾನಮಾನದಲ್ಲಿದ್ದಾರೆಂದೂ, ಸುನಕ್ ಸ್ವತಃ ಮಂತ್ರಿಯಾದ ಮೇಲೂ ಕೆಲಕಾಲ ಅಮೆರಿಕದ ಹಸಿರು ಕಾರ್ಡನ್ನು ಇಟ್ಟುಕೊಂಡಿದ್ದರೆಂದೂ ಹೊರಬಂದಾಗ. ಹಣತೆಯನ್ನು ಮತದಾರ ಸ್ವಾಗತಿಸಿದ. ಇವರಿಗೆ ಹೊರಟುಹೋಗಲು ಇನ್ನೊಂದು ಬಾಗಿಲಿದೆ ಎಂಬ ಸಂಶಯವನ್ನು ಸಹಿಸಲಿಲ್ಲ. ಅಕ್ಷತಾ ಅವರು ಜಾಗತಿಕ ಆದಾಯಕ್ಕೆಲ್ಲ ಅಲ್ಲಿಯೇ ತೆರಿಗೆ ಕಟ್ಟುವುದಾಗಿ ಪ್ರಕಟಿಸಿದರು.

ಇದೇ ಸಂಶಯದ ಇನ್ನೊಂದು ಮುಖ ವಲಸೆಯ ನೀತಿ. ಬ್ರಿಟನ್ನಿನಲ್ಲಿ ಕಠಿಣ ವಲಸೆ ನೀತಿಗೆ ದನಿಯಾದ ಗೃಹಮಂತ್ರಿಗಳಲ್ಲಿ ಪ್ರೀತಿ ಪಟೇಲ್ ಮತ್ತು ಸುಯೆಲ್ಲಾ ಬ್ರೇವರ್‌ಮನ್ ಇಬ್ಬರೂ ವಲಸಿಗರ ಮಕ್ಕಳು. ತಮ್ಮ ಹೊಸ ನಿಯಮಗಳ ಪ್ರಕಾರ ತಮ್ಮ ತಂದೆತಾಯಿಗೇ ಪ್ರವೇಶ ಸಿಗದೇ ಹೋಗಬಹುದಿತ್ತೆಂದು ಪಟೇಲ್ ಅವರು 2020ರಲ್ಲಿ ಒಪ್ಪಿಕೊಂಡಿದ್ದರು. ಇದನ್ನು ಬರಿಯ ದ್ರೋಹವೆಂದು ಬಯ್ದರೆ ವಿವರಣೆ ಸಿಕ್ಕಂತಾಗುವುದಿಲ್ಲ. ಪೂರ್ವ ಆಫ್ರಿಕಾದಿಂದ ಬಂದ ವರ್ತಕ ಕುಟುಂಬಗಳಲ್ಲಿ ನಿಯಮ ಪಾಲಿಸಿ ಬಂದವರು ನಾವು ಎಂಬ ಭಾವ ಪ್ರಬಲ. ಅದು ನಮ್ಮ ಹಸಿರು ಕಾರ್ಡಿನ ಸರದಿಯಲ್ಲಿಯೂ ಕೇಳಿಬರುವ ಮಾತೇ. ಜೊತೆಗೆ ಪಕ್ಷಕ್ಕೂ ಇದು ಅನುಕೂಲ. ಅದೇ ಮಾತನ್ನು ಬಿಳಿಯ ಮಂತ್ರಿ ಆಡಿದರೆ ಜನಾಂಗದ್ವೇಷವೆನ್ನಿಸೀತು. ಇಲ್ಲಿ ವಲಸಿಗ ಗುರುತು ನೀತಿಗೆ ಕವಚವಾಗುತ್ತದೆ. ಆ ಕವಚದ ಬಾಡಿಗೆಯನ್ನು ಯಾರು ಕಟ್ಟುತ್ತಾರೆ ಎಂಬುದು ಬೇರೆ ಮಾತು.

ಕಮಲಾ ಹ್ಯಾರಿಸ್ ಅವರ ಬಗ್ಗೆ ಬಹಳ ಬರೆಯಲಾಗಿದೆ, ಚುಟುಕಾಗಿ ಹೇಳುತ್ತೇನೆ. ಚೆನ್ನೈನ ತಾಯಿ, ಜಮೈಕಾದ ತಂದೆ, ಕಪ್ಪು ಜನರ ಐತಿಹಾಸಿಕ ಹೊವಾರ್ಡ್ ವಿಶ್ವವಿದ್ಯಾಲಯದ ವ್ಯಾಸಂಗ. 2020ರಲ್ಲಿ ಅವರ ಭಾಷಣದಲ್ಲಿ ‘ಚಿತ್ತಿ’ ಎಂಬ ತಮಿಳು ಪದ ಬಂದಾಗ ಭಾರತೀಯರು ಪುಳಕಗೊಂಡರು. 2024ರ ಜುಲೈಯಲ್ಲಿ ಕಪ್ಪು ಪತ್ರಕರ್ತರ ಸಮಾವೇಶದಲ್ಲಿ ಟ್ರಂಪ್ ಅವರು ಹ್ಯಾರಿಸ್ ಇದ್ದಕ್ಕಿದ್ದಂತೆ ಕಪ್ಪು ಮಹಿಳೆಯಾದರೆಂದು ಆರೋಪಿಸಿದರು. ಇಬ್ಬರು ತಂದೆತಾಯಿಯರ ಮಗಳೆಂಬ ಸರಳ ಸಂಗತಿ ಎರಡು ಮತಪೆಟ್ಟಿಗೆಗಳ ನಡುವಿನ ವಂಚನೆಯಂತೆ ಕಾಣುವ ಹಾಗೆ ಮಾಡಲಾಯಿತು.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಡೆಟ್ರಾಯಿಟ್. ಅಲ್ಲಿಯ ಕಾಂಗ್ರೆಸ್ ಸದಸ್ಯ ಶ್ರೀ ಥಾನೇದಾರ್ ಹುಟ್ಟಿದ್ದು ಚಿಕ್ಕೋಡಿಯಲ್ಲಿ, ಬೆಳೆದದ್ದು ಬೆಳಗಾವಿಯಲ್ಲಿ. ಮನೆಮಾತು ಮರಾಠಿ, ಆತ್ಮಕಥೆಯನ್ನೂ ಮರಾಠಿಯಲ್ಲಿ ಬರೆದಿದ್ದಾರೆ. ಬೆಳಗಾವಿ ಯಾರದೆಂಬ ಜಗಳವನ್ನು ಬಲ್ಲ ನಮ್ಮಲ್ಲಿ ಕೆಲವರಿಗೆ 2022ರಲ್ಲಿ ಅವರು ಗೆದ್ದಾಗ ಹೆಮ್ಮೆಪಡಬೇಕೋ ಬೇಡವೋ ಎಂಬ ಗೊಂದಲವಾಗಿತ್ತು. ಆದರೆ ಡೆಟ್ರಾಯಿಟ್ಟಿನ ಗೊಂದಲ ಬೇರೆಯದು. ಬಹುಸಂಖ್ಯಾತರು ಕಪ್ಪು ಜನರಾದ ಆ ನಗರದಿಂದ ಅವರ ಪ್ರತಿನಿಧಿಯೊಬ್ಬರೂ ಕಾಂಗ್ರೆಸ್ಸಿನಲ್ಲಿಲ್ಲದಂತಾದದ್ದು ಸುಮಾರು ಏಳು ದಶಕಗಳಲ್ಲಿ ಅದೇ ಮೊದಲು. 2018ರಲ್ಲಿ ಮಿಷಿಗನ್ ರಾಜ್ಯಪಾಲ ಸ್ಥಾನಕ್ಕೆ ಸ್ವಂತ ಹಣ ಸುರಿದು ಸೋತಿದ್ದ ಥಾನೇದಾರ್, ಬಳಿಕ ಡೆಟ್ರಾಯಿಟ್ಟಿಗೆ ಮನೆ ಬದಲಿಸಿ, 2020ರಲ್ಲಿ ಅಲ್ಲಿಂದಲೇ ರಾಜ್ಯ ಶಾಸನಸಭೆಗೆ ಆರಿಸಿಬಂದವರು. ಬಡತನದಲ್ಲಿ ಬೆಳೆದ ತಮ್ಮ ಬಾಲ್ಯವೇ ಕ್ಷೇತ್ರದ ಜನರೊಂದಿಗಿನ ನಂಟು ಎಂಬುದು ಅವರ ಮಾತು. ನ್ಯಾಯವಾಗಿ ಗೆದ್ದ ಚುನಾವಣೆ ಅದು. ಆದರೂ ‘ನಮ್ಮವರೊಬ್ಬರು ಹೆಚ್ಚಾದರು’ ಎಂದು ನಾವು ಎಣಿಸಿಕೊಂಡ ದಿನ, ಆ ನಗರದ ಒಂದು ಭಾಗ ‘ನಮ್ಮವರೊಬ್ಬರು ಇಲ್ಲವಾದರು’ ಎಂದು ಎಣಿಸುತ್ತಿತ್ತು. ಪ್ರಾತಿನಿಧ್ಯದ ವಾದವನ್ನು ನಾವು ನಮ್ಮ ಪರವಾಗಿ ಹೂಡುವುದಾದರೆ ಅವರ ಪರವಾಗಿಯೂ ಕೇಳಿಸಿಕೊಳ್ಳಬೇಕಾಗುತ್ತದೆ.

ಮತ್ತೆ ನೇಪಿಯನ್ನಿಗೆ. 2025ರ ಜನವರಿಯಲ್ಲಿ ಚಂದ್ರ ಆರ್ಯ ಅವರು ಲಿಬರಲ್ ಪಕ್ಷದ ನಾಯಕತ್ವಕ್ಕೆ, ಅಂದರೆ ಪ್ರಧಾನಿ ಸ್ಥಾನಕ್ಕೆ, ಸ್ಪರ್ಧಿಸುವುದಾಗಿ ಘೋಷಿಸಿದರು. ಕೂಡಲೇ ಎದ್ದದ್ದು ಭಾಷೆಯ ಪ್ರಶ್ನೆ: ಇಂಗ್ಲಿಷ್ ಮತ್ತು ಫ್ರೆಂಚ್ ಎರಡೂ ಅಧಿಕೃತವಾದ ದೇಶದಲ್ಲಿ ಅವರಿಗೆ ಫ್ರೆಂಚ್ ಬಾರದು. ಕ್ವೆಬೆಕ್ಕಿನ ಜನರಿಗೆ ಮುಖ್ಯ ಕೆಲಸವೇ ಹೊರತು ನಾಯಕನಾಡುವ ಭಾಷೆಯಲ್ಲ ಎಂಬರ್ಥದಲ್ಲಿ ಅವರು ಉತ್ತರಿಸಿದ್ದು ಅಲ್ಲಿ ಯಾರಿಗೂ ಒಪ್ಪಿಗೆಯಾಗಲಿಲ್ಲ. ಕನ್ನಡಕ್ಕಾಗಿ ಸಂಸತ್ತಿನಲ್ಲಿ ನಿಮಿಷವೊಂದನ್ನು ಮೀಸಲಿಟ್ಟವರು ಇನ್ನೊಂದು ನುಡಿಯ ಜನರಿಗೆ ಹೀಗೆ ಹೇಳಬಾರದಿತ್ತೆಂದು ನನಗೂ ಅನ್ನಿಸಿತು. ಬೆಂಗಳೂರಿನಲ್ಲಿ ಕುಳಿತು ಕನ್ನಡ ಬೇಕಿಲ್ಲವೆನ್ನುವವರಿಗೆ ನಾವು ಕೊಡುವ ಉತ್ತರ ನಮಗೆ ಗೊತ್ತೇ ಇದೆ. ಅದೇ ತಿಂಗಳಲ್ಲಿ ಪಕ್ಷ ಅವರಿಗೆ ಸ್ಪರ್ಧೆಯ ಅನುಮತಿ ನಿರಾಕರಿಸಿತು. ಮಾರ್ಚ್‌ನಲ್ಲಿ ನೇಪಿಯನ್ ಉಮೇದುವಾರಿಕೆಯನ್ನೂ ಹಿಂತೆಗೆದುಕೊಂಡಿತು. ಸಾರ್ವಜನಿಕವಾಗಿ ವಿವರವಾದ ಕಾರಣ ನೀಡಲಿಲ್ಲ. ಭಾರತ ಸರ್ಕಾರದೊಂದಿಗಿನ ಅವರ ಸಂಪರ್ಕ, 2024ರಲ್ಲಿ ದೆಹಲಿಗೆ ಹೋಗಿ ಭಾರತದ ಪ್ರಧಾನಿಯನ್ನು ಭೇಟಿಯಾದದ್ದು ಇವುಗಳ ಬಗ್ಗೆ ಪತ್ರಿಕೆಗಳು ಬರೆದವು. ಸಂಸದನಾಗಿ ರಾಯಭಾರಿಗಳನ್ನೂ ದೇಶಗಳ ಮುಖ್ಯಸ್ಥರನ್ನೂ ಕಾಣುವುದು ಸಹಜವೆಂದೂ, ಅದಕ್ಕೆ ಸರ್ಕಾರದ ಅಪ್ಪಣೆ ಬೇಕಿಲ್ಲವೆಂದೂ, ಹಿಂದೂಗಳ ಪರವಾಗಿ ಮತ್ತು ಖಾಲಿಸ್ತಾನಿ ಉಗ್ರವಾದದ ವಿರುದ್ಧ ಮಾತನಾಡಿದ್ದೇ ವಿವಾದದ ಮೂಲವೆಂದೂ ಅವರು ಪ್ರತಿಪಾದಿಸಿದರು. ಆ ಕ್ಷೇತ್ರದಿಂದ ನಿಂತ ಹೊಸ ನಾಯಕ ಮಾರ್ಕ್ ಕಾರ್ನಿ ಏಪ್ರಿಲ್ 28ರಂದು ಗೆದ್ದರು. ಅದೇ ಜನವರಿಯಲ್ಲಿ 2022ರ ಆ ಕನ್ನಡ ಭಾಷಣ ಮತ್ತೆ ಫೋನುಗಳಲ್ಲಿ ಹರಿದಾಡಿತು. ಬಹಳ ಮಂದಿ ಅದನ್ನು ಹೊಸದೆಂದೇ ತಿಳಿದರು.

ಕಳೆದ ವರ್ಷ ನಮ್ಮ ಊರಿನ ಕನ್ನಡ ಕೂಟದ ಸಮಾರಂಭಕ್ಕೆ ಸ್ಥಳೀಯ ಶಾಲಾ ಮಂಡಳಿಗೆ ನಿಂತಿದ್ದ ತರುಣಿಯೊಬ್ಬಳು ಬಂದಿದ್ದಳು. ಇಲ್ಲಿಯೇ ಹುಟ್ಟಿ ಬೆಳೆದವಳು. ಮಾತಿಗೆ ನಿಂತ ಕೂಡಲೇ ಮುಂದಿನ ಸಾಲಿನ ಹಿರಿಯರೊಬ್ಬರು, “ಅಮ್ಮಾ, ಎರಡು ಮಾತು ಕನ್ನಡದಲ್ಲಿ ಆಡಮ್ಮ, ಆಮೇಲೆ ಮಿಕ್ಕಿದ್ದು” ಎಂದರು. ಅವಳು ನಕ್ಕು, “ಅಂಕಲ್, ನಂಗೆ ಅಡುಗೆಮನೆ ಕನ್ನಡ ಮಾತ್ರ ಬರೋದು, ತಪ್ಪಾದ್ರೆ ಬೈಬೇಡಿ” ಎಂದು ತೊಡಗಿ ನಾಲ್ಕು ವಾಕ್ಯ ಹೇಳಿದಳು. ಚಪ್ಪಾಳೆ ಜೋರಾಗಿಯೇ ಬಿತ್ತು. ಬಳಿಕ ಇಂಗ್ಲಿಷಿಗೆ ಹೊರಳಿ, ತನ್ನ ಶಾಲಾ ವಲಯದಲ್ಲಿ ಮನೆಯಿರುವವರು ಎಷ್ಟು ಮಂದಿ ಎಂದು ಕೇಳಿದಳು. ತುಂಬಿದ ಸಭಾಂಗಣದಲ್ಲಿ ಹನ್ನೊಂದು ಕೈಗಳು ಮೇಲೆದ್ದವು. ಅವರಲ್ಲಿ ಮತದ ಹಕ್ಕಿರುವವರು ಎಂದಾಗ ನಾಲ್ಕು. ಅವಳು ವೇದಿಕೆಯಿಂದ ಇಳಿದು ಬಂದು ಆ ನಾಲ್ವರ ಹೆಸರನ್ನು ಪುಸ್ತಕದಲ್ಲಿ ಬರೆದುಕೊಂಡಳು. ಉಳಿದ ಏಳು ಜನರಿಗೆ ಮಂಡಳಿಯ ಸಭೆ ನಡೆಯುವ ದಿನವನ್ನು ಹೇಳಿ, ಮಾತನಾಡುವುದಕ್ಕೆ ಮತದ ಹಕ್ಕು ಬೇಕಿಲ್ಲ, ಬನ್ನಿ ಎಂದಳು.